ತಪ್ಪು ತಿದ್ದುವ ಬೋರ್ಡು

ಹುಲಿಯಪ್ಪ ಗದ್ದೆ ಮುಟ್ಟುವ ಹೊತ್ತಿಗೆ ಮಗ ಕೃಷ್ಣಕುಮಾರನ ಉಸಿರು ನಿಂತಿತ್ತು. ತಲೆ ಅಂಚಿನ ಮೇಲೆ, ಕಾಲು ಕೆಸರಿನಲ್ಲಿ. ಕಿವಿಯ ಮೇಲಿನ ಎಲುಬು ಒಡೆದು, ನೆತ್ತರು ಹರಿಯುವ ನೀರಿಗೆ ಸೇರಿ ಪಕ್ಕದ ಗದ್ದೆಗೆ ಇಳಿಯುತ್ತಿತ್ತು. ಆ ನೀರಿಗಾಗಿಯೇ ಜಗಳ ಹತ್ತಿತ್ತು. ಗುದ್ದಲಿ ಬೀಸಿದವನು ಹುಲಿಯಪ್ಪನ ಸ್ವಂತ ಅಣ್ಣನ ಮಗ ರಾಜೇಂದ್ರ. ಗುದ್ದಲಿ ಅಲ್ಲೇ ಬಿದ್ದಿತ್ತು. ಅದರ ಬಾಯಿಗೆ ಕೂದಲು ಅಂಟಿತ್ತು. ಹುಲಿಯಪ್ಪ ಮೊದಲು ಆ ಕೂದಲನ್ನು ಬಿಡಿಸಿದ.

ಅಕಾಲದಲ್ಲಿ ಹೋದವನ ಸಾಮಾನು ಮನೆಯಲ್ಲಿ ಉಳಿಯಬಾರದೆಂಬುದು ಅವರ ಮನೆಯ ಪದ್ಧತಿ. ಸಂಸ್ಕಾರ ಮುಗಿಸಿ ಬಂದ ಸಂಜೆ ಹುಲಿಯಪ್ಪ ಮಗನ ಹಾಸಿಗೆ, ಅಂಗಿ, ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆ, ಎಲ್ಲವನ್ನೂ ಒಯ್ದು ಸುಟ್ಟ. ಬೆಂಕಿಯ ನಾಲಿಗೆ ಹಸಿರಾದಾಗ ಸೊಸೆ ಬಿಂದು ಓಡಿ ಬಂದಳು.

"ಮಾವಾ, ಅದು ಅವ್ರ ಮದರ್‌ಬೋರ್ಡು! ಎಷ್ಟ್ ಹುಡ್ಕಿ ತಂದಿದ್ರು!"

ಬೆಂಕಿಗೆ ಕೈ ಹಾಕಿದರೂ ಅವನಿಗೆ ಸಿಕ್ಕಿದ್ದು ಕರಗಿದ ಮುದ್ದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆಮನೆಗಳಲ್ಲಿ ಹೆಂಗಸರು ಹೇಳುವ ಹಾಡುಗಳನ್ನು ಕೃಷ್ಣಕುಮಾರ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅವೆಲ್ಲ ಒಂದೇ ಕಡೆ ಭದ್ರವಾಗಿರಲೆಂದು ಮನೆಯಲ್ಲೇ ಒಂದು ಸರ್ವರ್ ಕಂಪ್ಯೂಟರ್ ಕಟ್ಟಲು ಹೊರಟಿದ್ದ. ಹಾಡು ತುಂಬಿದ ಡಿಸ್ಕುಗಳು ಮಾತ್ರ ಉಳಿದಿದ್ದವು. ಮಳೆಗಾಲದ ಥಂಡಿ ತಾಗದಿರಲೆಂದು ಅವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದ. ಮೊದಲ ಹಾಡು ಅವನ ತಾಯಿ ಕನ್ನಮ್ಮನದು. ಮಗ ಸತ್ತ ದಿನದಿಂದ ಆಕೆ ಬಾಯಿ ತೆರೆದಿರಲಿಲ್ಲ.

ರಾಜೇಂದ್ರನಿಗೆ ಜಾಮೀನು ಸಿಕ್ಕಿತು. ಸೋಮವಾರ ಸಾಗರದ ಠಾಣೆಗೆ ಸಹಿ ಹಾಕಲು ಬರುತ್ತಾನೆಂದು ಗೊತ್ತಾದ ಮೇಲೆ ಹುಲಿಯಪ್ಪ ಕತ್ತಿ ಮಸೆದ. ಬಿಂದು, "ಸೋಮವಾರ ಸಾಗರಕ್ಕೆ ಹೋಗಿ ಇನ್ನೊಂದು ಬೋರ್ಡು ತರಣ ಮಾವ. ಅತ್ತೆಗೆ ಮಗನ ದನಿಯಾದ್ರೂ ಕೇಳಿಸ್ಲಿ" ಎಂದಾಗ, "ಹೋಗಣ" ಎಂದ. ಹೆಗಲಚೀಲದ ತಳದಲ್ಲಿ ಕತ್ತಿ ಮಲಗಿತ್ತು.

ಕಂಪ್ಯೂಟರ್ ಅಂಗಡಿಯ ಸತೀಶ್ ಒಂದು ಬೋರ್ಡು ತೋರಿಸಿದ. "ಇದ್ ತಗಳಿ ಅಜ್ಜ. ಹೊಸ ಮಾಡ್ಲು. ಬಣ್ಣಬಣ್ಣದ ದೀಪ ಹತ್ತುತ್ತೆ."

"ದೀಪ ಎಂತಕ್ಕೋ? ನಮ್ಮನೇಲೇನು ಮದ್ವೆ ಐತಾ?"

ಸತೀಶ್ ಅದನ್ನು ಒಳಗಿಟ್ಟ. ಸುಟ್ಟುಹೋದದ್ದು ಯಾವ ಜಾತಿಯ ಬೋರ್ಡೆಂದು ಬಿಂದುವಿಗೂ ತಿಳಿಯದು. ಹಿಂದೊಮ್ಮೆ ಊಟಕ್ಕೆ ಕೂತಾಗ ಮಗ ಹೇಳಿದ್ದು ಹುಲಿಯಪ್ಪನಿಗೆ ನೆನಪಾಯಿತು: "ಅಪ್ಪಾ, ಸಾದಾ ಬೋರ್ಡು ತಪ್ಪನ್ನೂ ಸರಿ ಅಂತ್ಲೇ ಬರ್ಕಳ್ತದೆ."

"ತಪ್ಪಾದ್ರೆ ಅಲ್ಲೇ ಹಿಡ್ದು ತಿದ್ದಾದು ಐತಾ?" ಎಂದು ಕೇಳಿದ.

"ಓ, ಸರ್ವರ್ ಬೋರ್ಡು! ತಪ್ಪು ತಿದ್ದೋ ಇಸಿಸಿ ಮೆಮೊರಿ ಹಾಕೋದು." ಸತೀಶ್ ಅಟ್ಟದಿಂದ ಪೆಟ್ಟಿಗೆಯೊಂದನ್ನು ಇಳಿಸಿದ. "ಆಫೀಸಲ್ಲಿ ಓಡ್ಸಿ ತೆಗ್ದಿದ್ದು. ನೋಡಕ್ಕೆ ಚಂದ ಇಲ್ಲ. ಆದ್ರೆ ಎಂಟು ಡಿಸ್ಕು ಹಾಕ್ಬಹುದು, ಹಗ್ಲೂ ರಾತ್ರಿ ಓಡುತ್ತೆ. ಇರೋದು ಇದೊಂದೇ." ನಡುವಿನ ಮುಚ್ಚಳ ಎತ್ತಿದ. ಒಳಗೆ ಇರುವೆಯ ಕಾಲಿಗಿಂತ ಸಣ್ಣ ಪಿನ್ನುಗಳು. "ಬೀಳ್ಸಬೇಡಿ ಅಜ್ಜ. ಒಂದ್ ಪಿನ್ ಬಗ್ಗಿದ್ರೂ ಹೋಯ್ತು."

ಪೆಟ್ಟಿಗೆಯನ್ನು ಬಿಂದು ಅವನ ಕೈಗಿತ್ತಳು. "ಎರಡೂ ಕೈಲಿ ಹಿಡ್ಕಳಿ ಮಾವ."

ಠಾಣೆಯ ತಿರುವಿನ ಚಹಾದಂಗಡಿಯಲ್ಲಿ ರಾಜೇಂದ್ರ ಬೆನ್ನು ಹಾಕಿ ನಿಂತು ಬನ್ನು ಅದ್ದಿ ತಿನ್ನುತ್ತಿದ್ದ. ಹುಲಿಯಪ್ಪನ ಎರಡೂ ಕೈಯಲ್ಲಿ ಪೆಟ್ಟಿಗೆಯಿತ್ತು. ಪೆಟ್ಟಿಗೆಯನ್ನು ಎಸೆದಿದ್ದರೆ ಕತ್ತಿ ಆಗಲೇ ಆ ಕುತ್ತಿಗೆಗೆ ಇಳಿಯುತ್ತಿತ್ತು. ಅವನು ಬಾಗಿ, ಪೆಟ್ಟಿಗೆಯನ್ನು ಕಲ್ಲುಬೆಂಚಿನ ಮೇಲೆ ಎಳೆಗೂಸನ್ನು ಮಲಗಿಸುವ ಹಾಗೆ ಇಟ್ಟ. ಚೀಲದಿಂದ ಕತ್ತಿ ಹಿರಿಯುವಷ್ಟರಲ್ಲಿ ರಾಜೇಂದ್ರ ತಿರುಗಿದ್ದ.

ಏಟು ಹೆಗಲ ಚರ್ಮ ಸೀಳಿ ಅಂಗಡಿಯ ಕಂಬಕ್ಕೆ ಕಚ್ಚಿಕೊಂಡಿತು. ಹಿಂದಕ್ಕೆ ಜಿಗಿದ ರಾಜೇಂದ್ರ ಎಡವಿ ಚರಂಡಿಯ ಕಲ್ಲಿಗೆ ಮುಖ ಅಡಿಯಾಗಿ ಬಿದ್ದ. ಹಲ್ಲು ಮುರಿದು ಬಾಯಿ ಕೆಂಪಾಯಿತು. ಕಂಬದಿಂದ ಕತ್ತಿ ಬರಲಿಲ್ಲ. ಹುಲಿಯಪ್ಪ ಅವನ ಬೆನ್ನಿನ ಮೇಲೆ ಕೂತು, ಕತ್ತು ಹಿಡಿದು ಚರಂಡಿಯ ನೀರಿಗೆ ಅದುಮಿದ.

"ನೀರು ಬೇಕೇನೋ ನಿಂಗೆ? ಕುಡಿ! ಕುಡಿಯೋ!"

ಗುಳ್ಳೆಗಳೆದ್ದವು. ಒಮ್ಮೆ ಮುಖ ಮೇಲೆ ಬಂದಾಗ, "ಬ್ಯಾಡ ಚಿಕ್ಕಪ್ಪಾ..." ಎಂಬ ದನಿ ಬಂತು. ಮತ್ತೆ ಅದುಮಿದ. ಸುತ್ತ ನಿಂತವರು ಹತ್ತಿರ ಬರಲಿಲ್ಲ. ಬಿಂದು ಅವನ ಕೈ ಹಿಡಿದು ಎಳೆಯಲಿಲ್ಲ. ಪೆಟ್ಟಿಗೆಯನ್ನು ತಂದು ಅವನ ಮುಖದೆದುರು ಹಿಡಿದಳು.

"ನಂಗೂ ಅವ್ನು ಸಾಯ್ಬೇಕು ಮಾವ. ಆದ್ರೆ ಅತ್ತೆ ಮನೇಲಿ ಒಬ್ರೇ ಕೂತಿದಾರೆ. ಹಿಡ್ಕಳಿ ಇದ್ನ. ಎರಡೂ ಕೈಲಿ."

ಒಂದು ಕೈ ಸಡಿಲವಾಯಿತು. ಕೊನೆಗೆ ಇನ್ನೊಂದೂ ಬಂದು ಪೆಟ್ಟಿಗೆ ಹಿಡಿಯಿತು. ರಾಜೇಂದ್ರ ಕೆಮ್ಮುತ್ತ ತಲೆ ಎತ್ತಿದ.

ಹೆಗಲಿಗೆ ಗಾಯ ಹೇಗಾಯಿತೆಂದು ಪೊಲೀಸರು ಕೇಳಿದಾಗ ರಾಜೇಂದ್ರ ಕಾಲು ಜಾರಿ ಬಿದ್ದೆನೆಂದನಂತೆ. ನೋಡಿದವರೂ ಅದನ್ನೇ ಹೇಳಿದರಂತೆ.

ಮಾರನೆಯ ದಿನ ಸತೀಶ್ ಮನೆಗೇ ಬಂದು ಎಲ್ಲವನ್ನೂ ಜೋಡಿಸಿಕೊಟ್ಟ. ಅಕ್ಕಿಯಿಂದ ಎದ್ದ ಡಿಸ್ಕುಗಳು ಗುಂಯ್ ಎಂದವು. ಬಿಂದು ಮೊದಲ ಹಾಡನ್ನು ಹಚ್ಚಿದಳು. ಹಾಡಿಗಿಂತ ಮುಂಚೆ ಮಗನ ದನಿ ಬಂತು: "ಅವ್ವಾ, ನಾಚ್ಕಬೇಡ. ಇನ್ನೊಂದ್ಸಲ ಹೇಳು."

ಒಲೆಯ ಮುಂದಿದ್ದ ಕನ್ನಮ್ಮ ತಿರುಗದೆಯೇ, "ತಡಿಯಾ, ಹೇಳ್ತೀನಿ" ಎಂದಳು.

ಹುಲಿಯಪ್ಪನ ಉಗುರುಸಂದಿಯಲ್ಲಿ ಚರಂಡಿಯ ಕೆಸರು ಇನ್ನೂ ಒಣಗಿ ನಿಂತಿತ್ತು. ಆ ಕೈಗಳನ್ನೇ ಮನೆದೇವತೆಗೆ ಜೋಡಿಸಿದ.

"ಅಮ್ಮಾ ಗುತ್ಯಮ್ಮ, ಅವ್ನು ಹೋದ ದಾರೀಲಿ ನೆರಳಿರ್ಲಿ. ಮಗೀಗೆ ತಲೆ ನೋಯ್ದೆ ಇರ್ಲಿ. ನಿನ್ನ ಮಡ್ಲಲ್ಲಿ ಮಲಗ್ಲಿ."