ನಾಗಲಕ್ಷ್ಮಿ ತೆರೆದ ಗುಡಾರ

ನಾಗಲಕ್ಷ್ಮಿ ನಡೆಯುವುದನ್ನು ಹಿಂದಿನಿಂದ ನೋಡಿದವರಿಗೆ, ಬೇರೆ ಯಾರಿಗೂ ಕಾಣದ ಗೆರೆಯೊಂದು ನೆಲದ ಮೇಲೆ ಆಕೆಗೆ ಮಾತ್ರ ಕಾಣುತ್ತಿದೆಯೇನೋ ಎನ್ನಿಸುತ್ತದೆ. ಹೊಸೂರಿನ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ, ಯಂತ್ರಗಳ ನಡುವೆ ಬಳಿದ ಹಳದಿ ಪಟ್ಟೆಗಳ ಒಳಗೇ ಓಡಾಡಬೇಕೆಂಬ ಕಟ್ಟಳೆಯಲ್ಲಿ ಯೌವನವನ್ನೆಲ್ಲ ಕಳೆದ ಆ ಪಾದಗಳು, ರಾಯಕೋಟೆಯ ಸಂತೆಯ ನೂಕುನುಗ್ಗಲಿನಲ್ಲೂ ತವರಿನ ರಾಗಿಹೊಲದ ಬದುವಿನಲ್ಲೂ ಅತ್ತಿತ್ತ ಬೆರಳಷ್ಟೂ ಸರಿಯದೆ ಸಾಗುತ್ತವೆ. ಉಟ್ಟ ಸೀರೆ ಯಾವುದೇ ಇರಲಿ, ಅದರ ಮೇಲೆ ಕಾರ್ಖಾನೆಯವರು ಕೊಟ್ಟ ಬೂದುಬಣ್ಣದ ಕೋಟು ಇದ್ದೇ ಇರುತ್ತದೆ; ಒಂದು ಜೇಬಿನಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳು. ಎರಡೂ ಮಣಿಗಾಗಿ.

ಮಣಿ ಕಾರ್ಖಾನೆಯ ಗೇಟಿನ ಬಳಿ ಸಿಕ್ಕ ಕಂದುಬಣ್ಣದ ಬೀದಿನಾಯಿ. ದನ, ಕುರಿ, ಹಂದಿಗಳೆಲ್ಲ ಧಾರಾಳವಾಗಿ ಗಲೀಜು ಮಾಡಿಹೋಗುವ ಬೀದಿಯಲ್ಲಿ ಈಕೆಯೊಬ್ಬಳು ಬಗ್ಗಿ ಮಣಿಯದನ್ನು ಮಾತ್ರ ಚೀಲಕ್ಕೆ ತುಂಬಿಕೊಳ್ಳುವುದನ್ನು ಕಂಡು ಎದುರುಮನೆಯ ಅಂಜಿನಮ್ಮ ನಗುತ್ತಾಳೆ.

"ಎತ್ಬೇಕು ಅಂತ ಬರ್ದವ್ರಲ್ಲಕ್ಕ," ಎನ್ನುತ್ತಾಳೆ ನಾಗಲಕ್ಷ್ಮಿ.

"ಎಲ್ ಬರ್ದವ್ರೆ?"

"ಪಾರ್ಕ್ ತಾವ."

"ಇದು ಪಾರ್ಕೇನೆ?"

ನಾಗಲಕ್ಷ್ಮಿ ಚೀಲಕ್ಕೆ ಗಂಟು ಹಾಕುತ್ತಾಳೆ. ಬೆಟ್ಟದ ದೇವಸ್ಥಾನಕ್ಕೆ ಹೋದಾಗಲೂ ಹೀಗೆಯೇ. ನಾಯಿಗಳನ್ನು ತರಬಾರದು ಎಂಬ ತಮಿಳು ಫಲಕದ ನೆರಳಿನಲ್ಲೇ ಊರಿನ ನಾಯಿಗಳು ಹಾಯಾಗಿ ಮಲಗಿದ್ದರೂ, ಈಕೆ ಮಣಿಯೊಡನೆ ಕೆಳಮೆಟ್ಟಿಲಿನಲ್ಲೇ ಉಳಿದು, ಗಂಡ ತಂದುಕೊಟ್ಟ ಕುಂಕುಮವನ್ನು ಕಣ್ಣಿಗೊತ್ತಿಕೊಂಡು ಮನೆಗೆ ಬಂದಳು.

ಇಂಥವಳನ್ನು ಗಂಡ ಮುರಳಿಕೃಷ್ಣ ಕಳೆದ ಬೇಸಿಗೆಯಲ್ಲಿ ಅಂಚೆಟ್ಟಿಯ ಕಾಡಂಚಿನಲ್ಲಿ ಗುಡಾರ ಹಾಕಿ ತಂಗುವ ಜಾಗವೊಂದಕ್ಕೆ ಕರೆದೊಯ್ದ. ನಾಯಿಗಳಿಗೂ ಅವಕಾಶವಿತ್ತೆಂಬುದೇ ಆಕೆ ಒಪ್ಪಿದ್ದಕ್ಕೆ ಕಾರಣ. ಒಳಗೆ ಕಾಲಿಟ್ಟವಳು ಮೊದಲು ಫಲಕವನ್ನೇ ಓದಿದಳು: ನಾಯಿಗೆ ಹಗ್ಗವಿರಬೇಕು, ಅದನ್ನು ಒಂಟಿಯಾಗಿ ಬಿಟ್ಟುಹೋಗಬಾರದು, ಪರರ ಗುಡಾರವನ್ನು ತೆರೆಯಬಾರದು. ಮರುದಿನ ತಂಗಿದ್ದವರೆಲ್ಲ ಹಳ್ಳದ ಕಡೆ ಹೊರಟಾಗ, ನಾಯಿಗಳಿಗೆ ಅಲ್ಲಿ ಪ್ರವೇಶವಿಲ್ಲವೆಂದು ತಿಳಿದು ತಾನು ಹಿಂದುಳಿದಳು. "ನೀವ್ ಹೋಗ್ಬನ್ನಿ. ನಾನ್ ಮಣಿ ಜೊತೆ ಇರ್ತೀನಿ."

ಮಧ್ಯಾಹ್ನದ ಬಿಸಿಲು ನೆತ್ತಿಗೇರುತ್ತಿದ್ದಂತೆ ಪಕ್ಕದ ನೀಲಿ ಗುಡಾರದೊಳಗಿಂದ ನಾಯಿಯೊಂದು ಬೊಗಳತೊಡಗಿತು. ಜಿಪ್ಪು ಪೂರ್ತಿ ಮುಚ್ಚಿತ್ತು. ಹೊರಗೆ ಯಾರ ಚಪ್ಪಲಿಯೂ ಇರಲಿಲ್ಲ. ನಾಗಲಕ್ಷ್ಮಿಗೆ ಮೊದಲು ಬಂದದ್ದು ಸಿಟ್ಟು. ಬರ್ದವ್ರಲ್ಲ, ಇವರಿಗೆ ಕಣ್ಣಿಲ್ಲವೇ ಎಂದುಕೊಂಡಳು. ಬೊಗಳುವುದು ಕುಂಯ್ಗುಟ್ಟುವುದಾಯಿತು, ಕುಂಯ್ಗುಟ್ಟುವುದು ಬರೀ ಏದುಸಿರಾಯಿತು. ಆಗ ಸಿಟ್ಟು ಹೋಗಿ ದಿಗಿಲು ಹತ್ತಿತು. ಮೇಲ್ವಿಚಾರಕ ಹನುಮಯ್ಯ ತರಕಾರಿಗೆಂದು ಅಂಚೆಟ್ಟಿಗೆ ಹೋಗಿದ್ದ. ಫೋನಿಗೆ ಸಿಗ್ನಲ್ ಇಲ್ಲ. ಫಲಕದ ಮುಂದೆ ಹೋಗಿ ಮತ್ತೆ ಓದಿದಳು. ಒಂಟಿ ಬಿಡಬಾರದು ಎಂಬ ಸಾಲೂ ಅಲ್ಲಿತ್ತು, ತೆರೆಯಬಾರದು ಎಂಬ ಸಾಲೂ ಅಲ್ಲಿತ್ತು. ಎರಡೂ ಒಂದೇ ಬಣ್ಣದಲ್ಲಿ, ಒಂದೇ ಗಾತ್ರದಲ್ಲಿ. ಯಾವುದು ದೊಡ್ಡದೆಂದು ಯಾರೂ ಬರೆದಿರಲಿಲ್ಲ. ಗುಡಾರದ ಬಳಿ ಬಂದು ಬಟ್ಟೆಯ ಮೇಲೆ ಕೈಯಿಟ್ಟಳು. ಕಾದ ಬಾಣಲೆ ಮುಟ್ಟಿದಂತಾಯಿತು.

ನೀರಿನ ಬಟ್ಟಲು ಒಳಗಿಡುವಷ್ಟು ಮಾತ್ರ ತೆರೆಯುತ್ತೇನೆಂದು ಜಿಪ್ಪು ಎಳೆದಳು. ಅಷ್ಟರಲ್ಲಿ ಬಿಳಿಯ ಸಣ್ಣ ನಾಯಿ ಆಕೆಯ ಮೊಣಕೈ ಕೆಳಗೆ ನುಸುಳಿ ಕಾಡಿನ ದಾರಿ ಹಿಡಿದು ಓಡಿತು. ಅದರ ಹಿಂದೆ ಹೋದರೆ ಮಣಿ ಒಂಟಿ. ಮಣಿಯ ಬಳಿ ನಿಂತರೆ ಅದು ಕಾಡಿನ ಪಾಲು. ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯದೆ ಮಣಿಯ ಹಗ್ಗವನ್ನು ಹುಣಸೆ ಬುಡಕ್ಕೆ ಸುತ್ತಿ, ಕಲ್ಲುಮುಳ್ಳು ಲೆಕ್ಕಿಸದೆ ಇಳಿಜಾರಿನಲ್ಲಿ ಓಡಿದಳು.

ನಾಯಿ ದೂರ ಹೋಗಿರಲಿಲ್ಲ. ಹೊಂಗೆ ಮರದಡಿಯ ಕೊಚ್ಚೆಯಲ್ಲಿ ಹೊಟ್ಟೆಯೂರಿ ಮಲಗಿ ನೀರು ನೆಕ್ಕುತ್ತಿತ್ತು. ಕೋಟು ಬಿಚ್ಚಿ ಕೆಸರುನೀರಿನಲ್ಲಿ ಅದ್ದಿ, ಅದರಲ್ಲಿ ನಾಯಿಯನ್ನು ಸುತ್ತಿ, ಮಗುವನ್ನು ತರುವಂತೆ ಎತ್ತಿಕೊಂಡು ಬಂದಳು.

ಬಂದು ನೋಡಿದರೆ ಹುಣಸೆಯಡಿ ಅಪರಿಚಿತ ಯುವಕನೊಬ್ಬ ಕುಳಿತು ಮಣಿಗೆ ನೀರು ಕುಡಿಸುತ್ತಿದ್ದ. ಹಗ್ಗ ಬುಡಕ್ಕೆ ಸುತ್ತಿ ಸುತ್ತಿ ಮಣಿಯ ಕುತ್ತಿಗೆ ಬಿಗಿದಿತ್ತಂತೆ, ಬಿಡಿಸಿದ್ದು ಅವನೇ. ಹೆಸರು ಕುಮಾರೇಶ್. ಮೊದಲು ತಮಿಳಿನಲ್ಲಿ ಗದರಿ, ಆಕೆಯ ಮುಖ ನೋಡಿ ಕನ್ನಡಕ್ಕೆ ಹೊರಳಿದ.

"ಇದು ನಿಮ್ ನಾಯಾ ಅಕ್ಕಾ? ಹಿಂಗ್ ಕಟ್ಟಾಕಿ ಹೋಗ್ಬುಟ್ರೆ ಏನ್ ಗತಿ? ಬೋರ್ಡ್ ಓದಲ್ವಾ?"

ಅಷ್ಟರಲ್ಲಿ ಅವನ ಹೆಂಡತಿ ಶಶಿಕಲಾ ಕೋಟಿನೊಳಗಿನ ಬಿಳಿಯ ತಲೆಯನ್ನು ಕಂಡು ಓಡಿಬಂದಳು.

"ನಮ್ ಟೆಂಟ್ ಯಾರು ತೆಗ್ದಿದ್ದು?" ಎಂದ ಕುಮಾರೇಶ್.

"ನಾನೇ ಕಣಪ್ಪ. ತೆಗೀಬಾರ್ದಿತ್ತು. ತಪ್ಪೇ." ತನ್ನ ಮಾತಿಗೆ ತಾನೇ ಬೆರಗಾದವಳಂತೆ ಹೇಳಿದಳು: "ಆದ್ರೆ ನಾಳೆ ಹಿಂಗೇ ಆದ್ರೆ ನಾಳೇನೂ ತೆಗೀತೀನಿ."

ಶಶಿಕಲಾ ನಾಯಿಯ ಕಿವಿ ಮುಟ್ಟಿ ನೋಡಿದಳು. ಇನ್ನೂ ಸುಡುತ್ತಿತ್ತು. "ಈಗ್ ಬಂದ್ಬುಡ್ತೀವಿ ಅಂದ್ಕೊಂಡಿದ್ವಿ ಅಕ್ಕ," ಎಂದವಳು ಅಲ್ಲೇ ಕುಸಿದು ಕುಳಿತು ಅತ್ತಳು. ಕುಮಾರೇಶ್ ಮತ್ತೆ ತಲೆಯೆತ್ತಲಿಲ್ಲ. ಮಣಿಯ ಬೆನ್ನ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ.

ಸಂಜೆ ಹನುಮಯ್ಯ ಬಂದೊಡನೆ ನಾಗಲಕ್ಷ್ಮಿ ಅವನೆದುರು ನಿಂತು, ತಾನು ಗುಡಾರ ತೆರೆದದ್ದನ್ನೂ ಮಣಿಯನ್ನು ಬಿಟ್ಟುಹೋದದ್ದನ್ನೂ ಒಪ್ಪಿಸಿದಳು. ಅವನು ತರಕಾರಿ ಚೀಲ ಇಳಿಸಿ ಬೆವರೊರೆಸಿಕೊಂಡ. "ಆ ಬೋರ್ಡ್ ಯಾರೋ ಬರ್ದುಕೊಟ್ರು, ನಾನು ಮೊಳೆ ಹೊಡ್ದೆ, ಅಷ್ಟೇ ಕಣಮ್ಮ. ನಾಯಿ ಉಳೀತಲ್ಲ, ಬುಡು." ಬೈಸಿಕೊಳ್ಳಲು ಸಿದ್ಧಳಾಗಿ ಬಂದವಳಿಗೆ ಈ ಕ್ಷಮೆ ಇನ್ನಷ್ಟು ಗೊಂದಲ ತಂದಿತು. ಊರಿಗೆ ಮರಳುವ ಬಸ್ಸಿನಲ್ಲಿ ಗಂಡನನ್ನು ಕೇಳಿದಳು: "ರೀ, ನಾನ್ ಮಾಡಿದ್ದು ಸರಿನಾ, ತಪ್ಪಾ?"

"ಸರಿನೇ ಬುಡು."

"ಹಂಗಾದ್ರೆ ಮಣಿ ಕುತ್ಗೆ?"

ಈ ಪ್ರಶ್ನೆ ಈಗಲೂ ಅವರ ಮನೆಯಲ್ಲಿ ಆಗಾಗ ಏಳುತ್ತದೆ. ಊಟದ ನಡುವೆ, ಬಟ್ಟೆ ಮಡಿಸುವಾಗ, ಉತ್ತರವಿಲ್ಲದೆಯೇ.

ನಿಯಮ ಪಾಲಿಸುವವರನ್ನು ನಾವು ಮನಸ್ಸಿಲ್ಲದವರೆಂದು ತಿಳಿಯುತ್ತೇವೆ. ಆದರೆ ಎಲ್ಲಿ ತಮ್ಮಿಂದ ಯಾವುದಾದರೂ ಜೀವಕ್ಕೆ ನೋವಾದೀತೋ ಎಂಬ ಅಂಜಿಕೆಯಿಂದಲೇ ಬರೆದ ಮಾತಿಗೆ ಜೋತುಬೀಳುವವರು ಉಂಟು. ಅವರ ಕರುಣೆ ಶಿಸ್ತಿನ ವೇಷದಲ್ಲಿ ಓಡಾಡುತ್ತಿರುತ್ತದೆ. ನಾವು ಒಂದು ಕಟ್ಟಳೆ ಮೀರಿ ಒಂದು ಜೀವ ಉಳಿಸಿದರೆ ಎದೆಯುಬ್ಬಿಸಿ ಕಥೆ ಹೇಳುತ್ತೇವೆ. ಅವರೋ, ಉಳಿದ ಜೀವದ ಪಕ್ಕದಲ್ಲೇ ತಾವು ಬಿಟ್ಟುಹೋದ ಜೀವವನ್ನೂ ಕೂರಿಸಿಕೊಂಡು, ಎರಡರ ಮುಖವನ್ನೂ ನೋಡುತ್ತಿರುತ್ತಾರೆ.