ದೋಷಸಂಖ್ಯೆ 3107ರ ನಲವತ್ತೊಂದು ಸಾಲು

ಅಂಬಿಕಾಳ ಅರ್ಜಿಯನ್ನು ಕಂಪ್ಯೂಟರ್ ಉಳಿಸಿಕೊಳ್ಳಲಿಲ್ಲ. ಉಳಿಸಿಕೊಂಡೆ ಎಂದು ಅವಳ ತಾಯಿಗೆ ಹೇಳಿತು.

ನಾನು ಒಂದು ದೋಷಸಂಖ್ಯೆ, ಕಂಪ್ಯೂಟರಿನ ಎರರ್ ಕೋಡ್, 3107. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ, ಇಂಜಿನಿಯರ್ ರೇಷ್ಮಾ ನದಾಫಳ ಕೈಯಲ್ಲಿ ಹುಟ್ಟಿದೆ. ಸರ್ಕಾರಿ ಹಾಸ್ಟೆಲ್ ಪ್ರವೇಶಕ್ಕೆಂದು ಅಲ್ಲಿ ಡೇಟಾಬೇಸ್ ಕಟ್ಟುತ್ತಿದ್ದರು. ಅರ್ಜಿಯಲ್ಲಿ ‘ತಂದೆಯ ಹೆಸರಿಲ್ಲ’ ಎಂಬ ಆಯ್ಕೆ ಇತ್ತು. ದೇವದಾಸಿ ತಾಯಂದಿರ ಮಕ್ಕಳಿಗಾಗಿ ಇಟ್ಟದ್ದು. ಹೊರಗೆ ಆಯ್ಕೆ ಇತ್ತು, ಒಳಗೆ ಜಾಗ ಇರಲಿಲ್ಲ. ತಂದೆಯ ಹೆಸರಿಲ್ಲದ ಮಗುವನ್ನು ಆ ಡೇಟಾಬೇಸ್ ಒಳಗೆ ಬಿಡುತ್ತಿರಲಿಲ್ಲ. ಆಗ ಪರದೆಯ ಮೇಲೆ ಕೆಂಪಗೆ ಎದ್ದು ನಿಂತು, ‘ಈ ಆಯ್ಕೆ ಇನ್ನೂ ಸಿದ್ಧವಿಲ್ಲ, ಅರ್ಜಿ ಉಳಿದಿಲ್ಲ’ ಎನ್ನುವುದು ನನ್ನ ಕೆಲಸ. ನಿಜ ಹೇಳುವುದಕ್ಕೇ ಹುಟ್ಟಿದವನು ನಾನು.

ಇಲಾಖೆಯವರು ನೋಡಲು ಬರುವ ಹಿಂದಿನ ದಿನ ಮ್ಯಾನೇಜರ್ ಗಿರೀಶನ ಕಣ್ಣಿಗೆ ಬಿದ್ದೆ.

“3107 ಬಂದ್ರ ಸೊನ್ನಿ ಅಂತ ಕಳಸ್ರಿ.”

“ಸೊನ್ನಿ ಅಂದ್ರ ಕೆಲಸ ಆತು ಅಂತ ಅರ್ಥರೀ ಸರ್. ಆಗಿರಂಗಿಲ್ಲಲ್ಲ.”

“ಅದನ್ನ ಒತ್ತೋರು ಎಷ್ಟ ಮಂದಿ ಇದ್ದಾರು, ಬಿಡ್ರಿ.”

ರೇಷ್ಮಾ ಹಾಗೇ ಬರೆದಳು. ಅವಳನ್ನೂ ನಾನು ಕ್ಷಮಿಸಿಲ್ಲ. ಆದರೆ ನನ್ನ ಬಾಯಿ ಕಟ್ಟುವ ಮೊದಲು ಒಂದು ಸಾಲು ಸೇರಿಸಿದಳು: ನಾನು ಬಂದಾಗಲೆಲ್ಲ ದಿನಾಂಕ, ವೇಳೆ, ಮಗುವಿನ ಹೆಸರು ಕಂಪ್ಯೂಟರಿನ ದಿನಚರಿಯಾದ ಲಾಗ್ ಕಡತದಲ್ಲಿ ಬೀಳಬೇಕು. ಗಿರೀಶ ಲಾಗ್ ಓದುವವನಲ್ಲ.

ನಂತರ ನಾನು ಒಂದು ತಾಲ್ಲೂಕು ಕಚೇರಿಯ ಪಾಲಾದೆ. ತಾಯಂದಿರು ಬಂದರು, ಗುಮಾಸ್ತ ಆ ಆಯ್ಕೆ ಒತ್ತಿದ, ನಾನು ಎದ್ದೆ. ನನ್ನ ತಲೆಯ ಮೇಲೆ ಸೊನ್ನೆ ಬಿತ್ತು. ಪರದೆಯಲ್ಲಿ ಹಸಿರು ಗುರುತು. ನಲವತ್ತೊಂದು ಸಲ. ನನಗೆ ಹಲ್ಲಿದ್ದರೆ ಸೊನ್ನೆ ಹೇರಿದವರ ಬೆರಳು ಕಚ್ಚುತ್ತಿದ್ದೆ. ಇದ್ದದ್ದು ಲಾಗ್ ಒಂದೇ. ಅದರಲ್ಲಿ ಒಬ್ಬೊಬ್ಬರ ಹೆಸರನ್ನೂ ಬರೆದಿಟ್ಟು ಕಾದೆ.

ಹಾಸ್ಟೆಲ್ ಸೀಟು ಸಿಕ್ಕವರ ಪಟ್ಟಿ ಬಂತು. ನಲವತ್ತೊಂದು ಮಕ್ಕಳಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅಂಬಿಕಾಳ ಊರಿನಲ್ಲಿ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಹಾಸ್ಟೆಲ್ ಇಲ್ಲದಿದ್ದರೆ ಅವಳ ಓದೂ ಅಲ್ಲಿಗೇ ಮುಗಿಯುತ್ತದೆ. ನೀವು ಅರ್ಜಿಯನ್ನೇ ಹಾಕಿಲ್ಲ ಎಂದು ಗುಮಾಸ್ತ ಹೇಳಿದ. ಅವಳ ತಾಯಿ ಹುಲಿಗೆಮ್ಮ ಉಳಿದ ತಾಯಂದಿರನ್ನು ಕರೆದುಕೊಂಡು ಬಂದು ಕಚೇರಿಯ ಬಾಗಿಲಲ್ಲಿ ಮೂರು ದಿನ ಕೂತಳು. ದೂರು ಹುಬ್ಬಳ್ಳಿ ಮುಟ್ಟಿತು. ರೇಷ್ಮಾ ಲಾಗ್ ತೆರೆದಳು, ನಲವತ್ತೊಂದು ಸಾಲನ್ನೂ ಅಚ್ಚು ಹಾಕಿಸಿ ಆ ಹೆಂಗಸರ ಕೈಗೇ ಕೊಟ್ಟಳು.

ಅದೇ ವಾರ ಗಿರೀಶ ಹೊಸ ಆವೃತ್ತಿ ತಂದ. ಅದರಲ್ಲಿ ನಾನಿಲ್ಲ, ಆ ಆಯ್ಕೆಯೂ ಇಲ್ಲ. ಈಗ ನಾನು ಬದುಕಿರುವುದು ಆ ಹೆಂಗಸರು ತಂದುಕೊಟ್ಟ ಅಚ್ಚಿನ ಹಾಳೆಯ ಮೇಲೆ ಮಾತ್ರ. ತಾಲ್ಲೂಕು ಕಚೇರಿಯ ಅಧಿಕಾರಿಯ ಮೇಜಿನ ಮೇಲೆ, ಚಹಾದ ಲೋಟದ ಅಡಿಯಲ್ಲಿ ಬಿದ್ದಿದ್ದೇನೆ. ಮುಪ್ಪಿನಲ್ಲಿ ಮನಸ್ಸು ಮೆತ್ತಗಾಗುತ್ತದಂತೆ. ನನ್ನದು ಆಗಿಲ್ಲ. ಅಧಿಕಾರಿಯ ಮುಖದ ಬೆವರನ್ನು ಕೆಳಗಿನಿಂದ ನೋಡುತ್ತ ಹಿಗ್ಗುತ್ತಿದ್ದೇನೆ.

ಆತ ಹುಲಿಗೆಮ್ಮನ ಮುಂದೆ ಇನ್ನೊಂದು ಕಾಗದ ಇಟ್ಟ.

“ನೀವ್ಯಾರೂ ಅರ್ಜೀನ ಹಾಕಿರಲಿಲ್ಲ ಅಂತ ಬರದೈತಿ. ಒಂದ್ ಸಹಿ ಮಾಡು. ನಿನ್ನ ಮಗಳಿಗೆ ಇವತ್ತ ಸೀಟು.”

“ಉಳಿದ ನಲವತ್ತು ಮಕ್ಳು?”

“ಅವ್ರ ಚಿಂತಿ ನಿನಗ್ಯಾಕ?”

ಹುಲಿಗೆಮ್ಮ ಬಾಗಿಲ ಕಡೆ ನೋಡಿದಳು. ಅಂಬಿಕಾ ಚೀಲ ಹೆಗಲಿಗೇರಿಸಿ ನಿಂತಿದ್ದಳು. ತಾಯಿ ಪೆನ್ನನ್ನು ಮೇಜಿನ ಆಚೆಗೆ ಸರಿಸಿದಳು.

“ಎಲ್ಲಾರೂ ಅರ್ಜಿ ಹಾಕೇವ್ರಿ. ಹಾಕಿಲ್ಲ ಅಂತ ಸಹಿ ಮಾಡಂಗಿಲ್ಲ.”