ಬರೀ ಸಹಿ

ದೆಹಲಿಯ ನಮ್ಮ ಮಿನಿಸ್ಟ್ರಿಯಲ್ಲಿ ಒಂಬತ್ತು ವರ್ಷ ಎಳೆದಾಡಿದ ತಕರಾರನ್ನು ಗುಮಾಸ್ತ ಶೇಷಗಿರಿಯವರು ಒಂದೇ ಪುಟದ ಟಿಪ್ಪಣಿಯಲ್ಲಿ ಬಿಡಿಸಿಟ್ಟರು. ನಾನು ಅವರ ಮೇಲಧಿಕಾರಿ. ಯಾರು ಬರೆದದ್ದನ್ನೂ ತಿದ್ದದೆ ನನಗೆ ತಿಂದನ್ನ ಅರಗುವುದಿಲ್ಲ. ಪೆನ್ಸಿಲಿನಲ್ಲಿ ಒಂದು ವಾಕ್ಯ ಹೊಡೆದುಹಾಕಿ ಓದಿದೆ. ಮುಂದಿನ ವಾಕ್ಯಕ್ಕೆ ನಿಲ್ಲಲು ನೆಲವೇ ಇರಲಿಲ್ಲ. ಇನ್ನೊಂದನ್ನು ಹೊಡೆದೆ, ಅದೇ ಕಥೆ. ಪೆನ್ಸಿಲ್ ಗೀಟುಗಳನ್ನು ಅಳಿಸಿದೆ. ಇದ್ದಂತೆಯೇ ಮೇಲೆ ಕಳಿಸಿದೆ. ಫೈಲ್ ಯಾವುದೇ ಇರಲಿ, 'ಬಂದು ಮಾತಾಡಿ' ಎಂದೇ ಬರೆಯುವ ಸಾಹೇಬರು ಅವತ್ತು ಬರೀ ಸಹಿ ಹಾಕಿದರು.

ಇವತ್ತು ಶೇಷಗಿರಿಯವರ ನಿವೃತ್ತಿ. ಬೀಳ್ಕೊಡುಗೆ ಕಾರ್ಡಿಗೆಂದು ಚೀಟಿಯಲ್ಲಿ ಬರೆದೆ: 'ನಿಮ್ಮ ಬರವಣಿಗೆ ಸ್ಪಷ್ಟ, ನಿಚ್ಚಳ, ಸುಸಂಬದ್ಧ, ತರ್ಕಬದ್ಧ.' ಅವರಾಗಿದ್ದರೆ ಇಷ್ಟು ಪದ ಬಳಸುತ್ತಿದ್ದರೇ? ನಾಚಿಕೆಯಾಯಿತು. ಒಂದೊಂದನ್ನೇ ಹೊಡೆಯುತ್ತ ಬಂದೆ. ಕೊನೆಗೆ ಕಾರ್ಡಿನಲ್ಲಿ ನಾನೂ ಬರೀ ಸಹಿ ಹಾಕಿದೆ.